ಶಿಕಾಗೊದ ಯು-505: ಮೊದಲು ಹೊರಗೆ ಸುತ್ತಿ, ಆಮೇಲೆ ಒಳಗೆ ಹೋಗಿ

ಶಿಕಾಗೊದ ಜಾಕ್ಸನ್ ಪಾರ್ಕ್ ಪಕ್ಕದ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂಗೆ (2024ರಿಂದ ಹೆಸರಿನ ಹಿಂದೆ ಗ್ರಿಫಿನ್ ಸೇರಿಕೊಂಡಿದೆ) ಬರುವವರಲ್ಲಿ ಬಹಳ ಜನ ಯು-505ರ ಒಳಗೆ ಹೋಗುವ ಟಿಕೆಟ್ಟಿನ ಬಗ್ಗೆಯೇ ಮೊದಲು ವಿಚಾರಿಸುತ್ತಾರೆ. ಮ್ಯೂಸಿಯಂನ ಮಾಮೂಲಿ ಪ್ರವೇಶ ಟಿಕೆಟ್ಟಿನಲ್ಲೇ ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೆರೆಹಿಡಿದ ಈ ಜರ್ಮನ್ ಜಲಾಂತರ್ಗಾಮಿಯನ್ನು ಸುತ್ತ ಓಡಾಡಿ ನೋಡಬಹುದು. ಒಳಗೆ ಕಾಲಿಡಬೇಕಾದರೆ ಮಾತ್ರ ಬೇರೆ ದುಡ್ಡು. ಗೊತ್ತುಪಡಿಸಿದ ವೇಳೆಗೆ ಗೈಡ್ ಜೊತೆ ಹೋಗಿ ಸುಮಾರು 25 ನಿಮಿಷಕ್ಕೆ ಹೊರಬರಬೇಕು. ಹೊರಗಿನದನ್ನು ಮೊದಲು ಸಾವಧಾನವಾಗಿ ನೋಡಿಕೊಂಡಿದ್ದರೆ ಮಾತ್ರ ಆ ದುಡ್ಡು ದಕ್ಕುತ್ತದೆ. ಇಲ್ಲದಿದ್ದರೆ ಒಳಗೆ ಕಾಣುವುದು ಪೈಪು, ವಾಲ್ವು, ಮೀಟರುಗಳ ಗೋಜಲು ಅಷ್ಟೇ. ಆದ್ದರಿಂದ ಆನ್‌ಲೈನ್‌ನಲ್ಲಿ ಬುಕ್ ಮಾಡುವಾಗ ಮ್ಯೂಸಿಯಂ ಬಾಗಿಲು ತೆರೆದ ತಕ್ಷಣದ ಸಮಯ ಹಿಡಿಯಬೇಡಿ, ಒಂದೂವರೆ ಗಂಟೆ ಬಿಟ್ಟು ಹಿಡಿಯಿರಿ. ವಾರಾಂತ್ಯ ಮತ್ತು ಶಾಲಾ ರಜೆಗಳಲ್ಲಿ ಸಮಯಗಳು ಬೇಗ ತುಂಬಿಹೋಗುತ್ತವೆ. ಅಲ್ಲಿಗೆ ಹೋದಮೇಲೆ ಕೊಂಡರಾಯಿತು ಎಂದು ಕೂರಬಾರದು.

1954ರಲ್ಲಿ ತಂದಾಗಿನಿಂದ ಅರ್ಧ ಶತಮಾನ ಈ ಹಡಗು ಮ್ಯೂಸಿಯಂ ಹೊರಗೆ ಬಿಸಿಲು ಹಿಮಕ್ಕೆ ಮೈಯೊಡ್ಡಿ ತುಕ್ಕು ಹಿಡಿಯುತ್ತಿತ್ತು. 2004ರಲ್ಲಿ ನೆಲದಡಿ ಸುಮಾರು 42 ಅಡಿ ಆಳದ ಹಾಲ್ ಕಟ್ಟಿ ಅದನ್ನು ಅಲ್ಲಿಗೆ ಇಳಿಸಿದರು. 2005ರ ಜೂನ್‌ನಲ್ಲಿ ಈಗಿನ ಪ್ರದರ್ಶನ ತೆರೆಯಿತು. ಯುದ್ಧದ ಹಿನ್ನೆಲೆ ಹೇಳುವ ಮಬ್ಬು ಹಾದಿಯಲ್ಲಿ ನಡೆದು ತಿರುಗಿದರೆ ಮೂತಿ ಎದುರಿಗೇ ನಿಂತಿರುತ್ತದೆ. 76.76 ಮೀಟರ್ ಉದ್ದದ ವಸ್ತುವನ್ನು ಹೀಗೆ ತಲೆಯಿಂದ ಬಾಲದವರೆಗೆ ಒಂದೇ ಸೂರಿನಡಿ ನೋಡಲು ಸಿಗುವುದು ಅಪರೂಪ. ಇಂಗ್ಲೆಂಡಿನ ಬರ್ಕನ್‌ಹೆಡ್‌ನ ಯು-534 ಇದರಂತೆಯೇ ಒಂಬತ್ತನೇ (IX) ಮಾದರಿಯದು, ಆದರೆ ಅದನ್ನು 2008ರಲ್ಲಿ ತುಂಡು ತುಂಡಾಗಿ ಕತ್ತರಿಸಿದ್ದಾರೆ. ಜರ್ಮನಿಯ ಕೀಲ್ ಬಳಿ ಲಾಬೊದಲ್ಲಿರುವ ಯು-995 ಇಡಿಯಾಗಿದೆ ನಿಜ, ಆದರೆ ಅದು ಚಿಕ್ಕ ಮಾದರಿ, ಕಡಲ ದಂಡೆಯಲ್ಲಿ ಬಯಲಲ್ಲೇ ನಿಂತಿದೆ.

ಹೊರಗಿನಿಂದ ನೋಡುವಾಗ ಕಣ್ಣು ಮೊದಲು ಹೋಗಬೇಕಾದ್ದು ಮಗ್ಗುಲಿನ ಉಬ್ಬಿಗೆ. ಹಡಗಿನ ಒಟ್ಟು ಅಗಲ 6.76 ಮೀಟರ್, ಆದರೆ ಜನ ಬದುಕುತ್ತಿದ್ದ ಒಳಗಿನ ಉಕ್ಕಿನ ಕೊಳವೆಯ ವ್ಯಾಸ 4.4 ಮೀಟರ್ ಮಾತ್ರ. ನಡುವಿನ ಜಾಗವೆಲ್ಲ ಮುಳುಗಲು ನೀರು ತುಂಬಿಕೊಳ್ಳುವ ಟ್ಯಾಂಕುಗಳು ಮತ್ತು ಡೀಸೆಲ್ ಟ್ಯಾಂಕುಗಳು. ಡೀಸೆಲ್ ಖರ್ಚಾದಂತೆ ಟ್ಯಾಂಕಿನ ತಳದಿಂದ ಸಮುದ್ರದ ನೀರು ಒಳಬರುತ್ತದೆ. ಎಣ್ಣೆ ಹಗುರ, ನೀರಿನ ಮೇಲೆ ತೇಲುತ್ತದೆ, ಟ್ಯಾಂಕು ಖಾಲಿಯಾಗಿ ತೂಕ ಏರುಪೇರಾಗುವುದಿಲ್ಲ. ಮೇಲ್ಮೈಯಲ್ಲಿ 10 ನಾಟ್ ವೇಗದಲ್ಲಿ 13,450 ನಾಟಿಕಲ್ ಮೈಲಿ ಹೋಗುವ ಶಕ್ತಿ ಬಂದಿದ್ದು ಈ ಉಬ್ಬಿನಿಂದ. ಮುಳುಗಿದಾಗ ಬ್ಯಾಟರಿಯ ಮೇಲೆ 4 ನಾಟ್‌ನಲ್ಲಿ 64 ನಾಟಿಕಲ್ ಮೈಲಿ ಹೋದರೆ ಮುಗಿಯಿತು. ಈ ಎರಡು ಅಂಕಿಗಳನ್ನು ನೆನಪಲ್ಲಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಇದು ಬೇಕಾದಾಗ ಮುಳುಗಬಲ್ಲ ಹಡಗು, ನೀರಿನೊಳಗೇ ಬದುಕುವ ಯಂತ್ರವಲ್ಲ.

ಮೇಲೆ ಗೋಪುರದ ಮೇಲಿನ ಗುಂಡಿನ ತೂತುಗಳನ್ನು ಮುಚ್ಚದೆ ಉಳಿಸಿದ್ದಾರೆ. 1944ರ ಜೂನ್ 4ರಂದು ಪಶ್ಚಿಮ ಆಫ್ರಿಕದ ಕರಾವಳಿಯಾಚೆ ಅಮೆರಿಕದ ನೌಕಾಪಡೆ ಹೊಡೆದದ್ದು. ಗ್ವಾಡಲ್‌ಕನಾಲ್ ಎಂಬ ಪುಟ್ಟ ವಿಮಾನವಾಹಕ ಮತ್ತು ಐದು ಬೆಂಗಾವಲು ಹಡಗುಗಳ ತಂಡ ಅದು, ನಾಯಕ ಕ್ಯಾಪ್ಟನ್ ಡೇನಿಯಲ್ ಗ್ಯಾಲರಿ. ಶ್ಯಾಟಲೇನ್ ಎಂಬ ಬೆಂಗಾವಲು ಹಡಗು ನೀರಿನಾಳದಲ್ಲಿ ಸಿಡಿಸಿದ ಬಾಂಬುಗಳಿಗೆ, ಅಂದರೆ ಡೆಪ್ತ್ ಚಾರ್ಜ್‌ಗಳಿಗೆ ದೀಪಗಳು ಆರಿದವು, ಚುಕ್ಕಾಣಿ ಸಿಕ್ಕಿಕೊಂಡಿತು, ಯು-505 ಮೇಲೆದ್ದಿತು. ಸಿಬ್ಬಂದಿ ಶತ್ರುವಿನ ಕೈಗೆ ಸಿಗದಂತೆ ಹಡಗನ್ನು ಮುಳುಗಿಸುವ ಏರ್ಪಾಡು ಅರ್ಧಕ್ಕೇ ಬಿಟ್ಟು ನೀರಿಗೆ ಹಾರಿದರು. ಎಂಜಿನ್ ಓಡುತ್ತಲೇ ಇತ್ತು, ಹಡಗು ಸುತ್ತು ಹಾಕುತ್ತಲೇ ಇತ್ತು. ಲೆಫ್ಟಿನೆಂಟ್ ಆಲ್ಬರ್ಟ್ ಡೇವಿಡ್ ನೇತೃತ್ವದ ತಂಡ ದೋಣಿಯಲ್ಲಿ ಬೆನ್ನಟ್ಟಿ ಹತ್ತಿ ಒಳಗಿಳಿಯಿತು. ನೀರು ನುಗ್ಗುತ್ತಿದ್ದ ಬಾಯಿಯ ಮುಚ್ಚಳ ಅಲ್ಲೇ ಬಿದ್ದಿತ್ತು. ಜೆನನ್ ಲುಕೋಸಿಯಸ್ ಎಂಬ ನಾವಿಕ ಅದನ್ನು ಹುಡುಕಿ ಮತ್ತೆ ಕೂರಿಸಿದ. ಒಂದು ಮುಚ್ಚಳ ಇನ್ನಷ್ಟು ದೂರ ಉರುಳಿದ್ದರೆ ಈ ಹಾಲ್ ಕಟ್ಟುವ ಕೆಲಸವೇ ಇರುತ್ತಿರಲಿಲ್ಲ. 19ನೇ ಶತಮಾನದ ನಂತರ ಅಮೆರಿಕದ ನೌಕಾಪಡೆ ನಡುಗಡಲಲ್ಲಿ ಶತ್ರು ಹಡಗನ್ನು ಹೀಗೆ ಹತ್ತಿ ಹಿಡಿದದ್ದು ಇದೇ ಮೊದಲು.

ಮುಂದಿನದು ಎಂಜಿನಿಯರುಗಳಿಗೆ ರುಚಿಸುವ ಭಾಗ. ಪ್ರದರ್ಶನ ಇದಕ್ಕೆ ಕೊಟ್ಟ ಜಾಗ ಸಾಲದು. ಎಂಜಿನ್ ನಿಲ್ಲಿಸಿದರೆ ಹಿಂಭಾಗ ತಗ್ಗುತ್ತಿತ್ತು. ಮುಂದಕ್ಕೆ ಚಲಿಸುತ್ತಿದ್ದಾಗ ರೆಕ್ಕೆಯಂಥ ಹೈಡ್ರೋಪ್ಲೇನ್‌ಗಳ ಮೇಲೆ ನೀರು ತಳ್ಳುವ ಬಲದಿಂದಲೇ ಅದು ತೇಲುತ್ತಿದ್ದದ್ದು. ಒಳಗೆ ತುಂಬಿದ ನೀರನ್ನು ಪಂಪ್ ಮಾಡಬೇಕು, ಪಂಪಿಗೆ ಕರೆಂಟು ಬೇಕು, ಬ್ಯಾಟರಿ ಬರಿದಾಗಿದೆ. ಗ್ವಾಡಲ್‌ಕನಾಲ್‌ನ ಮುಖ್ಯ ಎಂಜಿನಿಯರ್ ಅರ್ಲ್ ಟ್ರೊಸಿನೊ ಕ್ಲಚ್ ಬಿಡಿಸಿ ಡೀಸೆಲ್ ಎಂಜಿನ್‌ಗಳನ್ನು ಬೇರ್ಪಡಿಸಿದರು. ಹಗ್ಗ ಕಟ್ಟಿ ಜೋರಾಗಿ ಎಳೆದಾಗ ನೀರಿನ ರಭಸಕ್ಕೆ ಪ್ರೊಪೆಲರ್‌ಗಳು ತಿರುಗಿದವು, ಅವು ಎಲೆಕ್ಟ್ರಿಕ್ ಮೋಟಾರುಗಳನ್ನು ತಿರುಗಿಸಿದವು, ಮೋಟಾರುಗಳೇ ಜನರೇಟರ್ ಆಗಿ ಬ್ಯಾಟರಿ ತುಂಬಿಸಿದವು. ಹಿಂಭಾಗಕ್ಕೆ ನಡೆದು ಆ ಎರಡು ಪ್ರೊಪೆಲರ್‌ಗಳ ಕೆಳಗೆ ನಿಂತು ಇದನ್ನು ನೆನೆಸಿಕೊಳ್ಳಿ. ಒಳಗೆ ಹೋದಾಗ ಡೀಸೆಲ್, ಕ್ಲಚ್, ಮೋಟಾರು, ಶಾಫ್ಟ್ ಒಂದರ ಹಿಂದೊಂದು ಯಾಕೆ ಒಂದೇ ಸಾಲಲ್ಲಿವೆ ಎಂಬುದು ಆಗ ಹೊಳೆಯುತ್ತದೆ.

ಹಡಗಿನ ಸುತ್ತಲಿನ ಪ್ರದರ್ಶನದಲ್ಲಿ ತಪ್ಪಿಸಿಕೊಳ್ಳಬಾರದ ಮೂರು ವಸ್ತುಗಳಿವೆ. ಒಂದು, ಇದರಲ್ಲೇ ಸಿಕ್ಕ ಎನಿಗ್ಮಾ ಸಂಕೇತ ಯಂತ್ರ. ಯಂತ್ರಕ್ಕಿಂತ ಅದರ ಜೊತೆ ಸಿಕ್ಕ ಸಂಕೇತ ಪುಸ್ತಕಗಳೇ ಬೆಲೆಬಾಳುವಂಥವು. ಹಡಗು ಸಿಕ್ಕಿದೆಯೆಂದು ಬರ್ಲಿನ್‌ಗೆ ಗೊತ್ತಾದರೆ ಸಂಕೇತಗಳನ್ನೇ ಬದಲಿಸಿಬಿಡುತ್ತಿದ್ದರು. ಅದಕ್ಕೇ ಸೆರೆಸಿಕ್ಕವರನ್ನು ಲೂಯಿಸಿಯಾನಾದ ಕ್ಯಾಂಪ್ ರಸ್ಟನ್‌ನಲ್ಲಿ ಬೇರೆಯವರ ಸಂಪರ್ಕವಿಲ್ಲದಂತೆ ಇಟ್ಟರು. ಎರಡು, ಟಿ5 ಟಾರ್ಪಿಡೊ. ಗುರಿಯಿಟ್ಟ ಹಡಗಿನ ಪ್ರೊಪೆಲರ್ ಸದ್ದು ಹಿಡಿದು ಬೆನ್ನಟ್ಟುವ ಬಗೆಯದು. ಇದನ್ನು ದಾರಿತಪ್ಪಿಸಲು ಮಿತ್ರಪಡೆಗಳು ಹಡಗಿನ ಹಿಂದೆ ಸದ್ದು ಮಾಡುವ ಸಾಧನವನ್ನು ಎಳೆದುಕೊಂಡು ಹೋಗುತ್ತಿದ್ದವು. ಮೂರು, ಪೆರಿಸ್ಕೋಪ್. ಕಳೆದೇಹೋಯಿತು ಎಂದುಕೊಂಡಿದ್ದ ಇದು ಕ್ಯಾಲಿಫೋರ್ನಿಯಾದ ನೌಕಾಪಡೆಯ ಪ್ರಯೋಗಾಲಯವೊಂದನ್ನು ಕೆಡವುವಾಗ 2003ರಲ್ಲಿ ಸಿಕ್ಕಿತು.

ಇನ್ನು ಒಳಗೆ. ಪ್ರವಾಸಿಗಳಿಗಾಗಿ ಹಡಗಿನ ಮಗ್ಗುಲಲ್ಲಿ ಬಾಗಿಲು ಕೊರೆದಿದ್ದಾರೆ, ಏಣಿ ಇಳಿಯುವ ಕಷ್ಟವಿಲ್ಲ. ಆದರೆ ಕೋಣೆಯಿಂದ ಕೋಣೆಗೆ ಹೋಗುವ ಬಾಗಿಲುಗಳ ಹೊಸ್ತಿಲು ಎತ್ತರ, ಮೇಲ್ಭಾಗ ತಗ್ಗು. ಕಾಲು ಮೊದಲು ಹಾಕಿ ಆಮೇಲೆ ತಲೆ ಬಗ್ಗಿಸಿ. ತಲೆ ಮೊದಲು ತೂರಿಸಲು ಹೋದವರೇ ಚಚ್ಚಿಸಿಕೊಳ್ಳುವುದು. ಬೆನ್ನಿನ ಚೀಲ ಲಾಕರ್‌ನಲ್ಲಿಟ್ಟು ಬನ್ನಿ. ಸೀರೆ ಉಟ್ಟವರಿಗೆ ಹೊಸ್ತಿಲು ದಾಟುವುದು ತ್ರಾಸ. ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಇಕ್ಕಟ್ಟು ಕಂಡರೆ ಎದೆ ಹೊಡೆದುಕೊಳ್ಳುವವರು ಹೊರಗೇ ಉಳಿಯುವುದು ಲೇಸು, ಯಾಕೆಂದರೆ ಗುಂಪಿನ ಮಧ್ಯದಿಂದ ಹಿಂತಿರುಗಲು ಜಾಗವಿಲ್ಲ.

ನಿಯಂತ್ರಣ ಕೋಣೆಯಲ್ಲಿ ದೀಪ ಆರಿಸಿ, ಡೆಪ್ತ್ ಚಾರ್ಜ್ ಸದ್ದು ಹಾಕಿ ದಾಳಿಯ ಅನುಭವ ಕೊಡುತ್ತಾರೆ. ಮಕ್ಕಳಿಗೆ ಖುಷಿ. ಯಂತ್ರ ನೋಡಲು ಬಂದವರಿಗೆ ಅಷ್ಟು ಹೊತ್ತು ನಷ್ಟ. ದೀಪ ಇರುವಾಗಲೇ ಹೈಡ್ರೋಪ್ಲೇನ್ ನಡೆಸುವ ಜಾಗ ಹುಡುಕಿಕೊಳ್ಳಿ. ಮಾಮೂಲಿಗೆ ವಿದ್ಯುತ್ ಗುಂಡಿ, ಕರೆಂಟು ಹೋದರೆ ಕೈಯಿಂದ ತಿರುಗಿಸುವ ದೊಡ್ಡ ಚಕ್ರ. ಡೀಸೆಲ್ ಕೋಣೆಯಲ್ಲಿ ಒಂಬತ್ತು ಸಿಲಿಂಡರಿನ ಎರಡು ಎಂಎಎನ್ ಎಂಜಿನ್‌ಗಳ ನಡುವಿನ ಓಣಿಯಲ್ಲಿ ಗುಂಪಿನ ಕೊನೆಗೆ ನಿಲ್ಲಿ, ನಿಮಗೆ ಅರ್ಧ ನಿಮಿಷ ಹೆಚ್ಚು ಸಿಗುತ್ತದೆ. ಮಲಗುವ ಹಲಗೆಗಳು ನಮ್ಮ ರೈಲಿನ ಸೈಡ್ ಬರ್ತ್‌ಗಿಂತ ಇಕ್ಕಟ್ಟು. ಪಾಳಿ ಮುಗಿಸಿದವನು ಪಾಳಿಗೆ ಎದ್ದವನ ಹಾಸಿಗೆಗೇ ಬಂದು ಬೀಳುತ್ತಿದ್ದ. ಸೆರೆಸಿಕ್ಕ ದಿನ ಇದರಲ್ಲಿದ್ದವರು 59 ಮಂದಿ. 58 ಮಂದಿ ಬದುಕುಳಿದರು, ಒಬ್ಬ ಸತ್ತ.

ಗೈಡ್‌ಗಳು ಹೆಚ್ಚು ಒತ್ತಿ ಹೇಳದ ಸಂಗತಿಯೊಂದಿದೆ. ಒಳಗಿರುವುದೆಲ್ಲ ಹಿಡಿದ ದಿನದ ಸಾಮಾನಲ್ಲ. ಯುದ್ಧದ ನಂತರ ಅಮೆರಿಕದ ಪೋರ್ಟ್ಸ್‌ಮತ್‌ನ ನೌಕಾನೆಲೆಯಲ್ಲಿ ಬಿದ್ದಿದ್ದಾಗ ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿಬಿಟ್ಟಿದ್ದರು. ಮ್ಯೂಸಿಯಂ ಮೂಲ ಭಾಗಗಳನ್ನು ತಯಾರಿಸಿದ್ದ ಜರ್ಮನ್ ಕಂಪನಿಗಳಿಗೇ ಕಾಗದ ಬರೆಯಿತು, ಅವು ದುಡ್ಡು ತೆಗೆದುಕೊಳ್ಳದೆ ಕಳಿಸಿಕೊಟ್ಟವು. ನೋಟ ಹಳೆಯದೇ, ತುಂಡುಗಳಲ್ಲಿ ಕೆಲವು ಆಮೇಲೆ ಬಂದವು. ಇದನ್ನು ಫಲಕದ ಮೇಲೆ ದೊಡ್ಡಕ್ಷರದಲ್ಲಿ ಹಾಕಬೇಕಿತ್ತು.

ವಿಶಾಖಪಟ್ಟಣದ ಮ್ಯೂಸಿಯಂ ಜಲಾಂತರ್ಗಾಮಿ ಐಎನ್‌ಎಸ್ ಕುರ್ಸುರಾ ನೋಡಿದವರಿಗೆ ಒಳಗಿನ ಇಕ್ಕಟ್ಟು ಹೊಸದಲ್ಲ. ಅಂಥವರು ಒಳಗಿನ ಟಿಕೆಟ್ ಬಿಟ್ಟರೂ ನಷ್ಟವಿಲ್ಲ, ಹೊರಗಿನ ಪ್ರದರ್ಶನ ಮಾತ್ರ ಬಿಡಬಾರದು. ನೇತಾಜಿ ಸುಭಾಷರ ಸಮುದ್ರಯಾನದ ಬಗ್ಗೆ ಆಸಕ್ತಿ ಇದ್ದವರು ಮಾತ್ರ ಒಳಗೂ ಹೋಗಲೇಬೇಕು. 1943ರ ಫೆಬ್ರುವರಿಯಲ್ಲಿ ಕೀಲ್‌ನಿಂದ ಅವರು ಮತ್ತು ಅವರ ಸಹಾಯಕ ಆಬಿದ್ ಹಸನ್ ಹೊರಟ ಯು-180 ಇದೇ ಒಂಬತ್ತನೇ ಮಾದರಿಯ ಉದ್ದನೆಯ ತಳಿ. ಏಪ್ರಿಲ್ ಕೊನೆಗೆ ಮಡಗಾಸ್ಕರ್ ಕಡೆಯ ಸಮುದ್ರದಲ್ಲಿ ಜಪಾನಿ ಹಡಗಿಗೆ ದಾಟುವ ತನಕ ಎರಡೂವರೆ ತಿಂಗಳು ಇಂಥದೇ ಕೊಳವೆಯಲ್ಲಿ ಕಳೆದರು. ಅದು ಎಂಥ ಪ್ರಯಾಣ ಎಂದು ಓದಿ ತಿಳಿಯುವುದಕ್ಕಿಂತ ಇಲ್ಲಿ ಐದು ನಿಮಿಷ ನಿಂತರೆ ಚೆನ್ನಾಗಿ ಗೊತ್ತಾಗುತ್ತದೆ.

ಹೋಗುವ ದಾರಿ: ನಗರದ ಮಧ್ಯದಿಂದ ಮೆಟ್ರಾ ಎಲೆಕ್ಟ್ರಿಕ್ ರೈಲು ಹತ್ತಿ 55-56-57ನೇ ಬೀದಿಯ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಸ್ವಲ್ಪ ದೂರದ ನಡಿಗೆ. ಕಾರು ತಂದರೆ ಮ್ಯೂಸಿಯಂ ಅಡಿಯಲ್ಲೇ ಪಾರ್ಕಿಂಗ್ ಇದೆ, ಶುಲ್ಕ ಬೇರೆ. ಟಿಕೆಟ್ ದರ ಮತ್ತು ವೇಳೆ ಆಗಾಗ ಬದಲಾಗುತ್ತವೆ, ಹೊರಡುವ ಹಿಂದಿನ ದಿನ ಮ್ಯೂಸಿಯಂ ವೆಬ್‌ಸೈಟ್ ನೋಡಿಕೊಳ್ಳಿ.