ಸ್ಟುಟ್‌ಗಾರ್ಟ್‌ನಲ್ಲಿ ಒಮ್ಮೆ, ಆರ್ಹೂಸ್‌ನಲ್ಲಿ ಒಮ್ಮೆ: ಎರಡು ನಿರುದ್ಯೋಗಗಳ ಹೋಲಿಕೆ

ಯೂರೋಪಿಗೆ ಬಂದ ಮೇಲೆ ನಾನು ಎರಡು ದೇಶಗಳಲ್ಲಿ ಕೆಲಸ ಕಳೆದುಕೊಂಡಿದ್ದೇನೆ. ಮೊದಲ ಸಲ 2020ರ ಕೊನೆಯಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪದ ವಾಹನ ಬಿಡಿಭಾಗಗಳ ಕಂಪನಿಯೊಂದರಲ್ಲಿ. ಎರಡನೆಯ ಸಲ 2024ರಲ್ಲಿ, ಡೆನ್ಮಾರ್ಕಿನ ಆರ್ಹೂಸ್‌ನಲ್ಲಿ, ಗಾಳಿಯಂತ್ರಗಳಿಗೆ ನಿಯಂತ್ರಣ ಉಪಕರಣ ತಯಾರಿಸುವ ಸಂಸ್ಥೆಯೊಂದರಲ್ಲಿ. ಎರಡೂ ಕಡೆ ನನ್ನದು ಒಂದೇ ಕೆಲಸ, ಸಾಫ್ಟ್‌ವೇರ್ ಪರೀಕ್ಷೆ. ಪತಿಯ ಸಂಶೋಧನಾ ಹುದ್ದೆಯ ಆಧಾರದ ಮೇಲೆ ವಾಸದ ಪರವಾನಗಿ ಇದ್ದುದರಿಂದ, ಕೆಲಸ ಹೋದೊಡನೆ ದೇಶ ಬಿಡಬೇಕೆಂಬ ಭಯ ನನಗೆ ಎಲ್ಲಿಯೂ ಇರಲಿಲ್ಲ. ಆ ಅನುಕೂಲ ಇಲ್ಲದವರು ಈ ಹೋಲಿಕೆಯನ್ನು ಅಷ್ಟು ಎಚ್ಚರದಿಂದ ಓದಿಕೊಳ್ಳಬೇಕು.

ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಜರ್ಮನಿ ಹುದ್ದೆಯನ್ನು ಕಾಪಾಡುತ್ತದೆ, ಡೆನ್ಮಾರ್ಕ್ ಹುದ್ದೆ ಕಳೆದುಕೊಂಡವರನ್ನು ಕಾಪಾಡುತ್ತದೆ. ಜರ್ಮನಿಯಲ್ಲಿ ಹತ್ತಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆರು ತಿಂಗಳು ದಾಟಿದವರನ್ನು ಕಾನೂನು ಒಪ್ಪುವ ಕಾರಣವಿಲ್ಲದೆ ತೆಗೆಯುವಂತಿಲ್ಲ. ಡೆನ್ಮಾರ್ಕಿನಲ್ಲಿ ತೆಗೆಯುವುದು ಸುಲಭ, ಆದರೆ ತೆಗೆಸಿಕೊಂಡವರಿಗೆ ಎರಡು ವರ್ಷ ಭತ್ಯೆ, ಜೊತೆಗೆ ಹೊಸ ಕೆಲಸಕ್ಕೆ ನೂಕುವ ವ್ಯವಸ್ಥೆ. 1990ರ ದಶಕದಲ್ಲಿ ಪ್ರಧಾನಿಯಾಗಿದ್ದ ಪೌಲ್ ನ್ಯೂರುಪ್ ರಾಸ್ಮುಸೆನ್ ಅವರ ಕಾಲದಿಂದ ಇದಕ್ಕೆ 'ಫ್ಲೆಕ್ಸಿಕ್ಯೂರಿಟಿ' ಎಂಬ ಹೆಸರು ಬಂದು, ಯೂರೋಪಿನ ಆರ್ಥಿಕ ಚರ್ಚೆಗಳಲ್ಲಿ ಅದು ಮಂತ್ರದಂತೆ ಪಠಿಸಲ್ಪಡುತ್ತಿದೆ. ಎರಡನ್ನೂ ಮೈಮೇಲೆ ಹಾಕಿಕೊಂಡು ನೋಡಿದವಳಿಗೆ ಹೊಲಿಗೆ ಎಲ್ಲೆಲ್ಲಿ ಚುಚ್ಚುತ್ತದೆ ಎಂಬುದೂ ತಿಳಿಯುತ್ತದೆ.

ಜರ್ಮನಿಯಲ್ಲಿ ನನ್ನ ನಿರುದ್ಯೋಗ ಒಂದೇ ದಿನದಲ್ಲಿ ಬರಲಿಲ್ಲ. 2020ರ ಏಪ್ರಿಲ್‌ನಲ್ಲಿ ನಮ್ಮ ಇಡೀ ವಿಭಾಗವನ್ನು 'ಕುರ್ಟ್ಸ್‌ಆರ್ಬೈಟ್'ಗೆ, ಅಂದರೆ ಅಲ್ಪಾವಧಿ ದುಡಿಮೆಗೆ ಹಾಕಿದರು. ವಾರಕ್ಕೆ ಎರಡು ದಿನ ಕೆಲಸ. ಆ ಎರಡು ದಿನದ ಸಂಬಳ ಕಂಪನಿಯದು, ಉಳಿದ ಮೂರು ದಿನಗಳಿಂದ ಕೈತಪ್ಪಿದ ನಿವ್ವಳ ಸಂಬಳದಲ್ಲಿ 60 ಶೇಕಡಾ, ಮಕ್ಕಳಿದ್ದವರಿಗೆ 67 ಶೇಕಡಾ, ಸರ್ಕಾರಿ ವಿಮಾ ನಿಧಿಯದು. ಆ ವರ್ಷದ ವಿಶೇಷ ನಿಯಮದಂತೆ ದುಡಿಮೆ ಅರ್ಧಕ್ಕರ್ಧವಾದರೂ ಕಡಿಮೆಯಾದವರಿಗೆ ನಾಲ್ಕನೆಯ ತಿಂಗಳಿನಿಂದ ಈ ದರ ಹತ್ತು ಅಂಶ ಏರಿತು. ಆ ಏಪ್ರಿಲ್ ಒಂದರಲ್ಲೇ ದೇಶದಲ್ಲಿ ಸುಮಾರು 60 ಲಕ್ಷ ಜನ ಈ ವ್ಯವಸ್ಥೆಯಲ್ಲಿದ್ದರು. ಮನೆಯಲ್ಲಿ ಕೂತಿದ್ದರೂ ಹುದ್ದೆ ನಮ್ಮದೇ, ಗುರುತಿನ ಚೀಟಿ ನಮ್ಮದೇ, ಬೆಳಿಗ್ಗೆ ಒಂಬತ್ತಕ್ಕೆ ಮೇಲ್ ತೆರೆದರೆ ಅದೇ ಸಹೋದ್ಯೋಗಿಗಳು. ಇದರ ಮಾನಸಿಕ ಬೆಲೆಯನ್ನು ನಾನು ಕಡೆಗಣಿಸಲಾರೆ.

ಆದರೆ ಆ ಆರು ತಿಂಗಳು ನಾವು ಕಾಯುತ್ತಿದ್ದದ್ದು ಏನನ್ನು ಎಂದು ಯಾರೂ ಕೇಳಲಿಲ್ಲ. ನಮ್ಮ ವಿಭಾಗ ಪರೀಕ್ಷಿಸುತ್ತಿದ್ದದ್ದು ಡೀಸೆಲ್ ಎಂಜಿನ್‌ಗಳ ನಿಯಂತ್ರಣ ಘಟಕಗಳನ್ನು. ಕೊರೋನಾ ಹೋದ ಮೇಲೂ ಆ ಬೇಡಿಕೆ ಹಿಂದಿನಂತೆ ಮರಳುವುದಿಲ್ಲ ಎಂಬುದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅಕ್ಟೋಬರ್ ಕೊನೆಯಲ್ಲಿ ನನ್ನನ್ನು ಕರೆದು ಲಕೋಟೆಯೊಂದನ್ನು ಕೈಗೆ ಕೊಟ್ಟರು. ಅಲ್ಲಿ ವಜಾ ಪತ್ರ ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೇ ಇರಬೇಕು. ಮೇಲ್‌ನಲ್ಲಿ ಕಳಿಸಿದರೆ ಊರ್ಜಿತವಲ್ಲ. ಮೇಜಿನ ಆ ಬದಿಯಲ್ಲಿ ಸಿಬ್ಬಂದಿ ವಿಭಾಗದ ಅಧಿಕಾರಿ, ನನ್ನ ಪಕ್ಕದ ಕುರ್ಚಿಯಲ್ಲಿ 'ಬೆಟ್ರೀಬ್ಸ್‌ರಾಟ್', ಅಂದರೆ ನೌಕರರೇ ಚುನಾಯಿಸಿದ ಮಂಡಳಿಯ ಸದಸ್ಯೆ. ಆಕೆ ನನ್ನ ಪೆನ್ನಿನ ಮೇಲೆ ಕೈಯಿಟ್ಟು, "ಪತ್ರ ತಲುಪಿತು ಎಂದಷ್ಟೇ ಬರೆದು ತಾರೀಖು ಹಾಕಿ, ಬೇರೆ ಯಾವುದಕ್ಕೂ ಇಂದು ಸಹಿ ಮಾಡಬೇಡಿ" ಎಂದರು. ಮೇಜಿನ ಮೇಲೆ ಇನ್ನೊಂದು ಕಾಗದ, 'ಪರಸ್ಪರ ಒಪ್ಪಂದದ ಬಿಡುಗಡೆ'ಯದು, ಸಿದ್ಧವಾಗಿತ್ತು. ಅದಕ್ಕೆ ಸಹಿ ಹಾಕಿದ್ದರೆ ಕೆಲಸವನ್ನು ನಾನೇ ಬಿಟ್ಟಂತೆ ಎಣಿಸಿ 12 ವಾರಗಳ ಭತ್ಯೆಯನ್ನು ತಡೆಹಿಡಿಯುವ ಸಾಧ್ಯತೆಯಿತ್ತು.

ಯಾರನ್ನು ಮೊದಲು ತೆಗೆಯಬೇಕು ಎಂಬುದಕ್ಕೂ ಅಲ್ಲಿ ನಿಯಮವಿದೆ: ವಯಸ್ಸು, ಸೇವಾವಧಿ, ಅವಲಂಬಿತರು, ಅಂಗವೈಕಲ್ಯ. ನ್ಯಾಯವೆಂದರೆ ನ್ಯಾಯವೇ. ಆದರೆ ಆ ತಕ್ಕಡಿಯಲ್ಲಿ ಐದು ವರ್ಷದ ಹಿಂದೆ ಸೇರಿದ ನನ್ನಂಥ ಹೊರಗಿನವಳು ಯಾವಾಗಲೂ ಹಗುರ. ಇಪ್ಪತ್ತು ವರ್ಷ ಅಲ್ಲೇ ಇದ್ದವರು ಒಳಗೆ ಉಳಿದರು. ಐದು ವರ್ಷದ ಸೇವೆಗೆ ಎರಡು ತಿಂಗಳ ನೋಟಿಸು. ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಬಳಸಿ, ಕೊನೆಗೆ ರಾಜಿಯಲ್ಲಿ ವರ್ಷಕ್ಕೆ ಅರ್ಧ ತಿಂಗಳಿನ ಸಂಬಳದ ಲೆಕ್ಕದಲ್ಲಿ ಪರಿಹಾರ ಪಡೆದೆ. ಅಲ್ಲಿ ರೂಢಿಯಲ್ಲಿರುವ ಲೆಕ್ಕವೂ ಅದೇ.

ಡೆನ್ಮಾರ್ಕಿನಲ್ಲಿ ಇದೆಲ್ಲ ಹದಿನೈದು ನಿಮಿಷದಲ್ಲಿ ಮುಗಿಯಿತು. ಅಲ್ಲಿನ ಕಚೇರಿಗಳಲ್ಲಿ ಶುಕ್ರವಾರ ಬೆಳಿಗ್ಗೆ ಎಲ್ಲರೂ ಕೂಡಿ ಬನ್ನು, ಬೆಣ್ಣೆ, ಚೀಸ್ ತಿನ್ನುವ ಪದ್ಧತಿ ಇದೆ. ತರುವ ಸರದಿ ಒಬ್ಬೊಬ್ಬರದು. ಮಾರ್ಚ್ ತಿಂಗಳ ಆ ಶುಕ್ರವಾರ ನನ್ನ ಸರದಿ. ಬನ್ನಿನ ಚೀಲವನ್ನು ಮೇಜಿನ ಮೇಲೆ ಇಟ್ಟಿದ್ದೆನಷ್ಟೆ, ಮ್ಯಾನೇಜರ್ ಕರೆದು, ಆರ್ಡರ್‌ಗಳು ಕಡಿಮೆಯಾಗಿವೆ, ನಿನ್ನನ್ನೂ ಸೇರಿ ನಾಲ್ವರನ್ನು ಬಿಡುತ್ತಿದ್ದೇವೆ, ಮೂರು ತಿಂಗಳ ನೋಟಿಸಿನ ಸಂಬಳ ಬರುತ್ತದೆ, ಇಂದಿನಿಂದಲೇ ಕೆಲಸಕ್ಕೆ ಬರಬೇಕಾಗಿಲ್ಲ ಎಂದರು. ಕಚೇರಿ ನೌಕರರಿಗೆ ಇಷ್ಟು ನೋಟಿಸನ್ನು 1938ರಲ್ಲಿ ಬಂದ ಕಾನೂನೇ ಕೊಡಿಸುತ್ತದೆ. ವಾದವಿಲ್ಲ, ವಕೀಲರಿಲ್ಲ. ನಾನು ಲ್ಯಾಪ್‌ಟಾಪ್ ಒಪ್ಪಿಸಿ ಹೊರಬರುವಾಗ ಬನ್ನುಗಳು ಇನ್ನೂ ಬಿಸಿಯಾಗಿದ್ದವು. ಅದೇ ಮ್ಯಾನೇಜರ್ ಎರಡು ವಾರದ ನಂತರ ನನ್ನ ಸ್ವವಿವರವನ್ನು ತನ್ನ ಪರಿಚಯದ ಮೂರು ಸಂಸ್ಥೆಗಳಿಗೆ ಕಳಿಸಿದ್ದೇನೆಂದು ಸಂದೇಶ ಕಳಿಸಿದರು. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಹೋದವರನ್ನು ಕಂಡರೆ ಜನ ದನಿ ತಗ್ಗಿಸುತ್ತಿದ್ದರು. ಇಲ್ಲಿ ಪಕ್ಕದ ಮನೆಯಾತ ತನ್ನ ನಾಲ್ಕು ಬಾರಿಯ ವಜಾಗಳನ್ನು ಸೋತ ಫುಟ್‌ಬಾಲ್ ಪಂದ್ಯಗಳಂತೆ ಎಣಿಸಿ ಹೇಳಿದ.

ಇನ್ನು ದುಡ್ಡಿನ ಮಾತು. ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ಕಾಗದದ ಮೇಲೆ ಡೆನ್ಮಾರ್ಕ್ 90 ಶೇಕಡಾ ಕೊಡುತ್ತದೆ, ಜರ್ಮನಿ 60 ಅಥವಾ 67. ಆದರೆ ಡ್ಯಾನಿಶ್ ಭತ್ಯೆಗೆ ಗರಿಷ್ಠ ಮಿತಿಯಿದೆ: 2024ರಲ್ಲಿ ತಿಂಗಳಿಗೆ 20,359 ಕ್ರೋನರ್, ಅದೂ ತೆರಿಗೆಗೆ ಮುಂಚೆ. ನನ್ನ ಒಟ್ಟು ಸಂಬಳ 48,000 ಕ್ರೋನರ್ ಇದ್ದುದರಿಂದ ನನ್ನ ಪಾಲಿಗೆ ಆ 90 ಎಂಬುದು 42ಕ್ಕೆ ಇಳಿಯಿತು. ಮೊದಲ ಮೂರು ತಿಂಗಳು ಸ್ವಲ್ಪ ಹೆಚ್ಚು ಕೊಡುವ ನಿಯಮ 2023ರಲ್ಲಿ ಬಂದಿತ್ತಾದರೂ, ಅದಕ್ಕೆ ನಾಲ್ಕು ವರ್ಷದ ಸದಸ್ಯತ್ವ ಬೇಕಾಗಿದ್ದರಿಂದ ನನಗೆ ದಕ್ಕಲಿಲ್ಲ. ಗೋದಾಮಿನಲ್ಲಿ ಸಾಮಾನು ಜೋಡಿಸುವವರಿಗೆ, ಅಡುಗೆಮನೆಯಲ್ಲಿ ದುಡಿಯುವವರಿಗೆ 90ರ ಮಾತು ಹೆಚ್ಚುಕಡಿಮೆ ನಿಜ. ಮಧ್ಯಮ ಸಂಬಳದ ಎಂಜಿನಿಯರಿಗೆ ಜರ್ಮನಿಯ 67 ಶೇಕಡಾವೇ ದೊಡ್ಡದು, ಏಕೆಂದರೆ ಅದು ನಿವ್ವಳದ ಮೇಲಿನ ಲೆಕ್ಕ ಮತ್ತು ಅದರಿಂದ ತೆರಿಗೆ ಕಡಿಯುವುದಿಲ್ಲ.

ಹಾಗೆಂದು ಜರ್ಮನಿಯಲ್ಲಿ ನನಗೆ ಹೆಚ್ಚು ಬಂತೆಂದೇನೂ ಅಲ್ಲ. ಅಲ್ಲಿ ದಂಪತಿಗಳು ತೆರಿಗೆ ವರ್ಗಗಳನ್ನು ಹಂಚಿಕೊಳ್ಳಬಹುದು. ಹೆಚ್ಚು ಗಳಿಸುವವರು ಮೂರನೆಯ ವರ್ಗ, ಕಡಿಮೆ ಗಳಿಸುವವರು ಐದನೆಯದು. ಸಾಮಾನ್ಯವಾಗಿ ಐದು ಹೆಂಡತಿಯ ಪಾಲು, ನಮ್ಮಲ್ಲೂ ಹಾಗೆಯೇ. ಐದನೆಯ ವರ್ಗದಲ್ಲಿ ತೆರಿಗೆ ಹೆಚ್ಚು ಕಡಿಯುವುದರಿಂದ ನಿವ್ವಳ ಕಡಿಮೆ, ನಿವ್ವಳ ಕಡಿಮೆಯಾದ್ದರಿಂದ ಭತ್ಯೆಯೂ ಕಡಿಮೆ. ವರ್ಷದ ಕೊನೆಗೆ ಸಂಬಳದ ತೆರಿಗೆ ಸರಿತೂಗುತ್ತದೆ, ಭತ್ಯೆ ಮಾತ್ರ ಸರಿತೂಗುವುದಿಲ್ಲ. ಭತ್ಯೆ ಆರಂಭವಾಗುವ ವರ್ಷದ ಜನವರಿ 1ರಂದು ಯಾವ ವರ್ಗವಿತ್ತೋ ಅದೇ ಲೆಕ್ಕಕ್ಕೆ. ನನಗೆ ಇದು ತಿಳಿದದ್ದು ಜನವರಿ ಮೂರನೆಯ ವಾರದಲ್ಲಿ. ಊರು ಕೊಳ್ಳೆಹೋದ ಮೇಲೆ ಕೋಟೆಬಾಗಿಲು ಹಾಕಿದಂತೆ ಆಮೇಲೆ ಇಬ್ಬರೂ ನಾಲ್ಕನೆಯ ವರ್ಗಕ್ಕೆ ಬದಲಾಯಿಸಿಕೊಂಡೆವು. ತಿಂಗಳಿಗೆ ಸುಮಾರು 300 ಯೂರೋ ಹೀಗೆ ಹೋಯಿತು, ಕೈಗೆ ಬಂದದ್ದು 1,500ರ ಆಸುಪಾಸು. ಆರ್ಹೂಸ್‌ನಲ್ಲಿ ತೆರಿಗೆ ಕಳೆದು ಬಂದದ್ದು 14,000 ಕ್ರೋನರ್‌ಗಿಂತ ತುಸು ಹೆಚ್ಚು, ಅಂದರೆ ಸುಮಾರು 1,900 ಯೂರೋ. ಅಲ್ಲಿನ ಬೆಲೆಗಳಿಗೆ ಆ ಅಂತರ ದಿನಸಿ ಅಂಗಡಿಯಲ್ಲೇ ಕರಗುತ್ತಿತ್ತು.

ಭತ್ಯೆಯ ಅವಧಿ ಜರ್ಮನಿಯಲ್ಲಿ ಎರಡು ವರ್ಷ ವಂತಿಗೆ ಕಟ್ಟಿದವರಿಗೆ 12 ತಿಂಗಳು, ವಯಸ್ಸಾದವರಿಗೆ ಹೆಚ್ಚು. ಡೆನ್ಮಾರ್ಕಿನಲ್ಲಿ ಎರಡು ವರ್ಷ. 2010ಕ್ಕೆ ಮುಂಚೆ ನಾಲ್ಕು ಇತ್ತು. ಇದಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಇದೆ. ಜರ್ಮನಿಯಲ್ಲಿ ನಿರುದ್ಯೋಗ ವಿಮೆ ಸಂಬಳದಿಂದ ತಾನೇ ಕಡಿತವಾಗುತ್ತದೆ. ಡೆನ್ಮಾರ್ಕಿನಲ್ಲಿ 'ಎ-ಕಾಸೆ' ಎಂಬ ನಿಧಿಗೆ ನಾವಾಗಿಯೇ ಸೇರಿ ತಿಂಗಳಿಗೆ ಸುಮಾರು 500 ಕ್ರೋನರ್ ಕಟ್ಟಬೇಕು, ಕನಿಷ್ಠ ಒಂದು ವರ್ಷ ಸದಸ್ಯರಾಗಿರಬೇಕು. "ಎರಡು ವರ್ಷ ಇದ್ದು ಹೋಗುವವರಿಗೆ ಇದೆಲ್ಲ ಏಕೆ" ಎಂದು ಸೇರದೆ ಉಳಿದ ನಮ್ಮ ಕಡೆಯವರನ್ನು ನಾನು ಬಲ್ಲೆ. ನನ್ನೊಂದಿಗೆ ಆ ಶುಕ್ರವಾರ ಹೊರಬಂದ ಮೂವರಲ್ಲಿ ಬೆಳಗಾವಿ ಕಡೆಯವರೊಬ್ಬರಿದ್ದರು. ನೋಟಿಸಿನ ಸಂಬಳ ಮುಗಿದ ಮೇಲೆ ಅವರಿಗೆ ಒಂದು ಕ್ರೋನರೂ ಬರಲಿಲ್ಲ.

ನಾನು ಸೇರಿದ್ದೆ, ಆದರೆ ಬೇರೊಂದು ಪೆಟ್ಟು ತಿಂದೆ. ಯೂರೋಪಿನ ಒಂದು ದೇಶದಲ್ಲಿ ಕಟ್ಟಿದ ವಿಮೆಯ ಅವಧಿಯನ್ನು 'ಯು1' ಎಂಬ ಫಾರಂ ಮೂಲಕ ಇನ್ನೊಂದು ದೇಶದಲ್ಲಿ ಲೆಕ್ಕಕ್ಕೆ ಹಿಡಿಸಬಹುದು. ಈ ಸೌಲಭ್ಯವನ್ನು 2010ರ ನಿಯಮವೊಂದು ನಮ್ಮಂಥ ಹೊರದೇಶದವರಿಗೂ ವಿಸ್ತರಿಸಿತು, ಆದರೆ ಡೆನ್ಮಾರ್ಕ್ ಅದಕ್ಕೆ ಒಳಪಡಲಿಲ್ಲ. ಹೀಗಾಗಿ ಜರ್ಮನಿಯಲ್ಲಿ ಕಟ್ಟಿದ ಐದು ವರ್ಷದ ವಂತಿಗೆ ಗಡಿ ದಾಟುತ್ತಲೇ ಸೊನ್ನೆಯಾಯಿತು. ಇಟಲಿಯ ಪಾಸ್‌ಪೋರ್ಟ್ ಇದ್ದ ಸಹೋದ್ಯೋಗಿಗೆ ಅದೇ ಫಾರಂ ಕೆಲಸ ಮಾಡಿತು.

ಕಚೇರಿಗಳ ನಡವಳಿಕೆಯಲ್ಲಿ ಜರ್ಮನಿಯದು ಅಂಚೆಯ ಲೋಕ. ಕೆಲಸ ಹೋಗುತ್ತದೆಂದು ತಿಳಿದ ಮೂರು ದಿನದೊಳಗೆ ಹೆಸರು ನೋಂದಾಯಿಸದಿದ್ದರೆ ಒಂದು ವಾರದ ಭತ್ಯೆ ಖೋತಾ. ಊರಿಗೆ ಹೋಗಬೇಕಾದರೆ ಅನುಮತಿ, ವರ್ಷಕ್ಕೆ 21 ದಿನ. ಆದರೆ ನನ್ನ ಅಧಿಕಾರಿ ಒಂದು ದೊಡ್ಡ ಉಪಕಾರ ಮಾಡಿದರು: ತರಬೇತಿಯ ಪೂರ್ಣ ವೆಚ್ಚ ಭರಿಸುವ ಚೀಟಿ ಕೊಟ್ಟರು. ನಾಲ್ಕು ತಿಂಗಳು ಸ್ವಯಂಚಾಲಿತ ಪರೀಕ್ಷೆಯ ಕೋರ್ಸ್ ಮಾಡಿದೆ, ಭತ್ಯೆಯೂ ನಡೆಯಿತು. ಇಂದಿಗೂ ನಾನು ಅನ್ನ ತಿನ್ನುತ್ತಿರುವುದು ಆ ವಿದ್ಯೆಯಿಂದ.

ಡೆನ್ಮಾರ್ಕಿನದು ಗುಂಡಿ ಒತ್ತುವ ಲೋಕ. ನಿರುದ್ಯೋಗದ ಮೊದಲ ದಿನವೇ ಜಾಬ್‌ನೆಟ್ ಎಂಬ ಜಾಲತಾಣದಲ್ಲಿ ನೋಂದಣಿ, ಏಳು ದಿನಕ್ಕೊಮ್ಮೆ ಅಲ್ಲಿ ಹೋಗಿ ಗುರುತು ಹಾಕುವುದು, ಹಾಕಿದ ಪ್ರತಿ ಅರ್ಜಿಯ ದಾಖಲೆ, ಮೇಲಿಂದ ಮೇಲೆ ಸಭೆ. ಒಮ್ಮೆ ಗುರುತು ಹಾಕಲು ಮರೆತು ಎರಡು ದಿನದ ಭತ್ಯೆ ಕಳೆದುಕೊಂಡೆ. ವಾರಕ್ಕೆ ಎರಡು ಅರ್ಜಿಯ ಲೆಕ್ಕ ತುಂಬಿಸಲು ನನಗೆ ಹೊಂದದ ಕೆಲಸಗಳಿಗೂ ಬರೆದೆ. ಅವುಗಳನ್ನು ಓದುವ ಕಂಪನಿಗಳ ಸಮಯವೂ ವ್ಯರ್ಥ, ನನ್ನದೂ ವ್ಯರ್ಥ. ಆದರೆ ಸಂಸ್ಥೆಯೊಂದರಲ್ಲಿ ಭತ್ಯೆಯ ಮೇಲೆಯೇ ನಾಲ್ಕು ವಾರ ಕೆಲಸ ಮಾಡಿ ತೋರಿಸುವ ಅವಕಾಶ ಅಲ್ಲಿದೆ. ಸೆಪ್ಟೆಂಬರ್‌ನಲ್ಲಿ ಇಪ್ಪತ್ತು ಜನರ ಒಂದು ಪುಟ್ಟ ಕಂಪನಿ ನನ್ನನ್ನು ಹಾಗೆ ಕರೆಸಿಕೊಂಡಿತು, ಅಕ್ಟೋಬರ್ ಮಧ್ಯದಲ್ಲಿ ಕೆಲಸವನ್ನೇ ಕೊಟ್ಟಿತು. ಮಾಲೀಕರು ನೇರವಾಗಿ ಹೇಳಿದರು: ಮೊದಲ ಮೂರು ತಿಂಗಳು 14 ದಿನದ ನೋಟಿಸು ಸಾಕಲ್ಲವೇ, ಪ್ರಯತ್ನಿಸಿ ನೋಡೋಣ. ಜರ್ಮನಿಯಲ್ಲಿ ಸಂದರ್ಶನದ ನಾಲ್ಕನೆಯ ಸುತ್ತಿನವರೆಗೆ ಹೋಗಿ ಎರಡು ಸಲ ವಾಪಸಾಗಿದ್ದೆ. ತೆಗೆಯುವುದು ಕಷ್ಟವಾದ ಕಡೆ ತೆಗೆದುಕೊಳ್ಳುವ ಮುಂಚೆಯೂ ಅಷ್ಟೇ ಅಳೆದು ತೂಗುತ್ತಾರೆ. ಅಲ್ಲಿ ಒಂಬತ್ತನೆಯ ತಿಂಗಳಲ್ಲಿ ಕೆಲಸದ ಪತ್ರ ಬಂದಾಗ ಪತಿಗೆ ಆರ್ಹೂಸ್‌ನಲ್ಲಿ ಹುದ್ದೆ ಖಚಿತವಾಗಿತ್ತು.

ಡೆನ್ಮಾರ್ಕಿನಲ್ಲಿ ನೋಟಿಸು ಮುಗಿದ ಮೇಲಿನ ಮೂರೂವರೆ ತಿಂಗಳಿಗೆ ಎದುರಾಗಿ ಜರ್ಮನಿಯ ಒಂಬತ್ತು ತಿಂಗಳು ಎಂದು ತೀರ್ಪು ಕೊಡುವುದು ತಪ್ಪಾದೀತು. ಒಂದು ಮಹಾಮಾರಿಯ ವರ್ಷ, ಇನ್ನೊಂದು ಬೆಳವಣಿಗೆಯ ವರ್ಷ. 2009ರಲ್ಲಿ ಜರ್ಮನಿಯ ಉತ್ಪಾದನೆ 5 ಶೇಕಡಾಕ್ಕಿಂತ ಹೆಚ್ಚು ಕುಸಿದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ, ಅದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಅದು ಎರಡು ವರ್ಷದಲ್ಲಿ ದುಪ್ಪಟ್ಟಾಯಿತು. ಮಳೆ ನಿಲ್ಲುವವರೆಗೆ ಮರದಡಿ ನಿಲ್ಲಲು ಜರ್ಮನಿಯ ವ್ಯವಸ್ಥೆಯೇ ಮೇಲು. ಈಗಿನ ತೊಂದರೆ ಮಳೆಯದಲ್ಲ: 2022ರ ನಂತರ ರಷ್ಯಾದ ಅಗ್ಗದ ಅನಿಲ ಇಲ್ಲ, ಚೀನಾದ ವಿದ್ಯುತ್ ಕಾರುಗಳು ಬಂದಿವೆ. 2023 ಮತ್ತು 2024ರಲ್ಲಿ ಸತತವಾಗಿ ಜರ್ಮನಿಯ ಆರ್ಥಿಕತೆ ಕುಗ್ಗಿತು, 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವಾಗನ್ 2030ರೊಳಗೆ 35,000 ಹುದ್ದೆಗಳನ್ನು ಕಡಿಮೆ ಮಾಡುವ ಒಪ್ಪಂದಕ್ಕೆ ಬಂತು, 2025ರ ಆಗಸ್ಟ್‌ನಲ್ಲಿ ನಿರುದ್ಯೋಗಿಗಳ ಸಂಖ್ಯೆ ಹತ್ತು ವರ್ಷದಲ್ಲಿ ಮೊದಲ ಬಾರಿಗೆ 30 ಲಕ್ಷ ದಾಟಿತು. ಮೂಲಸೌಕರ್ಯಕ್ಕೆಂದು 2025ರಲ್ಲಿ ತೆಗೆದಿರಿಸಿದ 500 ಶತಕೋಟಿ ಯೂರೋ ರೈಲು, ಸೇತುವೆಗಳಿಗೆ ಉಸಿರು ಕೊಡಬಹುದು. ಡೀಸೆಲ್ ಪರೀಕ್ಷಿಸುತ್ತಿದ್ದ ನನ್ನ ಹಳೆಯ ವಿಭಾಗವನ್ನು ಅದು ಎಬ್ಬಿಸುವುದಿಲ್ಲ. ಡೆನ್ಮಾರ್ಕಿನ ಬೆಳವಣಿಗೆಯೂ ಕಲ್ಲಿನ ಮೇಲೆ ನಿಂತದ್ದಲ್ಲ. ಅದರಲ್ಲಿ ಔಷಧ ಉದ್ಯಮದ ಪಾಲು ದೊಡ್ಡದು, ಮತ್ತು 2025ರ ಸೆಪ್ಟೆಂಬರ್‌ನಲ್ಲಿ ನೋವೋ ನಾರ್ಡಿಸ್ಕ್ ಕಡಿತಗೊಳಿಸುವುದಾಗಿ ಪ್ರಕಟಿಸಿದ 9,000 ಹುದ್ದೆಗಳಲ್ಲಿ 5,000 ಆ ಪುಟ್ಟ ದೇಶದಲ್ಲೇ ಇದ್ದವು.

ಹೀಗಿರುವಾಗ ನಲವತ್ತರ ನನಗೆ, ಕಲಿತ ಕೆಲಸವೇ ಹಳತಾಗುತ್ತಿರುವ ಈ ಕಾಲಕ್ಕೆ, ಡೆನ್ಮಾರ್ಕ್ ಹೆಚ್ಚು ಒಗ್ಗುತ್ತದೆ. ಐವತ್ತೈದು ದಾಟಿ ಒಂದೇ ಕಾರ್ಖಾನೆಯಲ್ಲಿ ಸವೆದವರು ನನ್ನನ್ನು ಕೇಳಿದ್ದರೆ ಜರ್ಮನಿಯಿಂದ ಕದಲಬೇಡಿ ಎನ್ನುತ್ತಿದ್ದೆ.

ದಾವಣಗೆರೆಯ ನನ್ನ ಚಿಕ್ಕಪ್ಪನ ಮಗನಿಗೆ ಕಳೆದ ತಿಂಗಳು ಎರಡೂ ದೇಶಗಳಿಂದ ಕೆಲಸದ ಪತ್ರ ಬಂದವು. "ಅಕ್ಕಾ, ಎಲ್ಲಿ ಸಂಬಳ ಉಳಿಯುತ್ತದೆ?" ಎಂದು ಕೇಳಿದ. ಜರ್ಮನಿಯಾದರೆ ಆ ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್ ಇದೆಯೇ ಎಂದು ವಿಚಾರಿಸು, ಹೆಂಡತಿ ಕೆಲಸಕ್ಕೆ ಸೇರಿದರೆ ಅವಳನ್ನು ಐದನೆಯ ವರ್ಗಕ್ಕೆ ಹಾಕಬೇಡ. ಡೆನ್ಮಾರ್ಕಾದರೆ ಮೊದಲ ಸಂಬಳದ ದಿನವೇ ಎ-ಕಾಸೆಗೆ ಸೇರು ಎಂದೆ. ಇನ್ನೂ ಸೇರಿಯೇ ಇಲ್ಲ, ಆಗಲೇ ತೆಗೆಯುವ ಮಾತು ಏಕೆ ಎಂದು ಚಿಕ್ಕಮ್ಮ ಹಿಂದಿನಿಂದ ಗದರಿದ್ದು ಫೋನಿನಲ್ಲಿ ಕೇಳಿಸಿತು.