ಪ್ಯೂರ್ ಡೇಟಾ: ಖಾಲಿ ಹಾಳೆ ಮೇಲೊಂದು ತಂಬೂರಿ

ಪ್ಯೂರ್ ಡೇಟಾ ಅನ್ನುವ ಧ್ವನಿ ತಯಾರಿಸುವ ಸಾಫ್ಟ್‌ವೇರ್ ತೆರೆದ ಮೊದಲ ದಿನ ಹತ್ತೇ ನಿಮಿಷದಲ್ಲಿ ಮುಚ್ಚಿಬಿಟ್ಟಿದ್ದೆ. ಒಂದು ಬಿಳಿ ಕಿಟಕಿ, ಅಷ್ಟೇ. ಗುಂಡಿ ಇಲ್ಲ, ಪಿಯಾನೋ ಚಿತ್ರ ಇಲ್ಲ, ಇಲ್ಲಿ ಒತ್ತಿ ಅಂತ ಹೇಳುವ ಒಂದು ಬಾಣವೂ ಇಲ್ಲ. ನೋಡಲು ಹಳೇ ಕಾಲದ ಬ್ಯಾಂಕ್ ಕಂಪ್ಯೂಟರ್ ಥರ. ಈಗ ಎರಡು ವರ್ಷದಿಂದ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ಅದನ್ನೇ ತೆರೆದಿಟ್ಟುಕೊಂಡು ಹಾಡಿನ ಅಭ್ಯಾಸಕ್ಕೆ ಕೂರುತ್ತೇನೆ, ಅದಕ್ಕೇ ಈ ವಿಮರ್ಶೆ.

ಶುರುವಾಗಿದ್ದು ಹೀಗೆ. ಮನೆಯಲ್ಲಿದ್ದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಕೈಕೊಟ್ಟಿತು. ಫೋನಿನಲ್ಲಿ ಒಂದು ತಂಬೂರಿ ಆ್ಯಪ್ ಹಾಕಿಕೊಂಡೆ, ಅದು ಆಲಾಪನೆ ನಡುವೆ ಸಾಲದ ಜಾಹೀರಾತು ತೋರಿಸಿತು. ಸಿಟ್ಟು ಬಂತು. ತಂಬೂರಿ ನಾವೇ ಮಾಡಿಕೊಂಡರೆ ಆಯ್ತಲ್ಲ ಅನ್ನಿಸಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದನ್ನು ಬರೆದವರು ಮಿಲ್ಲರ್ ಪಕೆಟ್. 1980ರ ದಶಕದಲ್ಲಿ ಪ್ಯಾರಿಸ್‌ನ ಇರ್ಕಾಮ್ ಅನ್ನುವ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮ್ಯಾಕ್ಸ್ ಅನ್ನುವ ಸಾಫ್ಟ್‌ವೇರ್ ಬರೆದವರೂ ಇವರೇ. ಮ್ಯಾಕ್ಸ್ ಈಗ ದುಡ್ಡು ಕೊಟ್ಟು ಕೊಳ್ಳಬೇಕಾದ್ದು. ಪ್ಯೂರ್ ಡೇಟಾ ಅವರು 1990ರ ದಶಕದಲ್ಲಿ ಸ್ಯಾನ್ ಡಿಯಾಗೋದಲ್ಲಿ ಮಾಡಿದ್ದು, ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೂ ಓಡುತ್ತದೆ. ಕೆಲಸ ಮಾಡುವ ರೀತಿ ಸರಳ. ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ. ಡಬ್ಬಿಯೊಳಗೆ ಹೆಸರು ಟೈಪ್ ಮಾಡಬೇಕು, ವೈರ್ ಎಳೆದು ಇನ್ನೊಂದಕ್ಕೆ ಸೇರಿಸಬೇಕು. ಹೀಗೆ ಸೇರಿಸಿದ ಜಾಲಕ್ಕೆ ಪ್ಯಾಚ್ ಅಂತ ಹೆಸರು. ಹೆಸರಿನ ಕೊನೆಗೆ ~ ಗುರುತು ಇದ್ದರೆ ಅದರಲ್ಲಿ ಧ್ವನಿ ಹರಿಯುತ್ತದೆ, ಇಲ್ಲದಿದ್ದರೆ ಬರೀ ಅಂಕಿ ಮತ್ತು ಸೂಚನೆಗಳು. ಧ್ವನಿ ಹರಿಯುವ ವೈರ್ ದಪ್ಪಗೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ಧ್ವನಿ ಬರುತ್ತಿರುವಾಗಲೇ ವೈರ್ ಕಿತ್ತು ಬೇರೆ ಕಡೆ ಹಾಕಬಹುದು.

ತಂತಿಯ ಸದ್ದು ಬರಿಸುವ ಉಪಾಯ ಹಳೆಯದು, 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಅನ್ನುವ ಇಬ್ಬರು ಸಂಶೋಧಕರು ಪ್ರಕಟಿಸಿದ್ದು. ಒಂದು ಕ್ಷಣ ಬರೀ ಗದ್ದಲ ಬಿಡಿ, ಅದನ್ನು ಒಂದು ಸುತ್ತಿನಲ್ಲಿ ತಿರುಗಿಸಿ, ಪ್ರತಿ ಸುತ್ತಿಗೂ ಚೂರು ಚೂರು ಮೊಂಡು ಮಾಡುತ್ತಾ ಬನ್ನಿ. ತಂತಿ ಮೀಟಿದ ಸದ್ದೇ ಕೇಳುತ್ತದೆ. ನನ್ನ ಶ್ರುತಿ ಕಪ್ಪು ಒಂದು, ಅಂದರೆ ಸುಮಾರು 138.6 ಹರ್ಟ್ಸ್. ಒಂದು ಸುತ್ತಿಗೆ 7.2 ಮಿಲಿಸೆಕೆಂಡ್. ಲೆಕ್ಕ ಹಾಕಿ ಆ ಅಂಕಿ ಕೊಟ್ಟೆ, ತಂತಿ ನುಡಿಯಿತು, ಖುಷಿಯೋ ಖುಷಿ. ಆಮೇಲೆ ಹಾರ್ಮೋನಿಯಂ ಒತ್ತಿ ನೋಡಿದರೆ ಶ್ರುತಿ ಇಳಿದಿತ್ತು.

ಅರ್ಧ ದಿನ ತಲೆ ಕೆರೆದುಕೊಂಡೆ. ತಪ್ಪು ಲೆಕ್ಕದ್ದಲ್ಲ. ಧ್ವನಿಯನ್ನು ಮೊಂಡು ಮಾಡಲು ಸುತ್ತಿನೊಳಗೆ ಹಾಕಿದ್ದ ಲಾಪ್~ ಫಿಲ್ಟರ್ ತಾನೂ ಒಂಚೂರು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಮಟ್ಟಿಗೆ ಸುತ್ತು ಉದ್ದವಾಗಿ ಸ್ವರ ಕೆಳಗೆ ಜಾರುತ್ತದೆ. ಇದನ್ನು ಯಾರಾದರೂ ಬಾಯಲ್ಲಿ ಹೇಳಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಇಲ್ಲಿ ಅಂಕಿಯ ಮೇಲೆ ಮೌಸ್ ಇಟ್ಟು ಎಳೆಯುತ್ತಾ ಹೋದೆ, ತಂತಿ ಬಿರಡೆ ತಿರುಗಿಸಿದ ಹಾಗೇ ಮೇಲೇರಿತು, ಹಾರ್ಮೋನಿಯಂ ಜೊತೆ ಅಲೆ ಅಲೆಯಾಗಿ ಕೇಳುತ್ತಿದ್ದದ್ದು ನಿಧಾನಕ್ಕೆ ನಿಂತಿತು. ಈ ಸಾಫ್ಟ್‌ವೇರ್ ನನಗೆ ಇಷ್ಟವಾಗಿದ್ದು ಆ ನಿಮಿಷದಲ್ಲಿ. ರೆಡಿಮೇಡ್ ಆಗಿ ಇದು ಏನೂ ಕೊಡಲ್ಲ. ಆದರೆ ತಪ್ಪು ಎಲ್ಲಿದೆ ಅಂತ ಕಿವಿಯಲ್ಲೇ ಹುಡುಕಿ ಅಲ್ಲೇ ಕೈ ಹಾಕಲು ಬಿಡುತ್ತದೆ.

ಒಂದು ತಂತಿ ಸರಿಯಾದ ಮೇಲೆ ಅದನ್ನೇ ಬೇರೆ ಫೈಲ್ ಆಗಿ ಉಳಿಸಿಕೊಂಡೆ. ಆ ಫೈಲಿನ ಹೆಸರೇ ಹೊಸ ಡಬ್ಬಿ ಆಗುತ್ತದೆ. ಪಂಚಮಕ್ಕೊಂದು, ಸಾರಣೆಗೆ ಎರಡು, ಮಂದ್ರ ಷಡ್ಜಕ್ಕೊಂದು, ನಾಲ್ಕು ಡಬ್ಬಿ ಇಟ್ಟೆ, ಮೀಟಲು ಒಂದು ಮೆಟ್ರೋ, ಅಂದರೆ ಇಷ್ಟಿಷ್ಟು ಹೊತ್ತಿಗೊಮ್ಮೆ ಸೂಚನೆ ಕಳಿಸುವ ಡಬ್ಬಿ. ತಂಬೂರಿ ರೆಡಿ.

ಒಂದು ಎಚ್ಚರಿಕೆ. ಪ್ರತಿ ಸುತ್ತಿಗೂ ಧ್ವನಿಯ ಬಲವನ್ನು ಗುಣಿಸುವ ಅಂಕಿ 1ಕ್ಕಿಂತ ಕಡಿಮೆ ಇರಲೇಬೇಕು. ನಾನು 0.996 ಹಾಕುವ ಕಡೆ ಗಡಿಬಿಡಿಯಲ್ಲಿ 1.02 ಹಾಕಿದೆ. ಸ್ಪೀಕರ್ ಕಿರುಚಿಕೊಂಡಿತು, ಅಡುಗೆಮನೆಯಿಂದ ಅಮ್ಮ "ಏನೋ ಅದು, ಮಿಕ್ಸಿ ಕೆಟ್ಟೋಯ್ತಾ?" ಅಂದರು. ಇಯರ್‌ಫೋನ್ ಹಾಕಿರಲಿಲ್ಲ, ಪುಣ್ಯ. ಇದರಲ್ಲಿ ತಡೆಯುವ ವ್ಯವಸ್ಥೆ ತಾನಾಗಿ ಇರಲ್ಲ, ಸ್ಪೀಕರ್‌ಗೆ ಧ್ವನಿ ಕಳಿಸುವ ಡ್ಯಾಕ್~ಗೆ ಮುಂಚೆ, ಮಿತಿ ಮೀರಿದ್ದನ್ನು ಕತ್ತರಿಸುವ ಒಂದು ಕ್ಲಿಪ್~ ನೀವೇ ಇಟ್ಟುಕೊಳ್ಳಿ. ಕಂಟ್ರೋಲ್ ಜೊತೆ ಚುಕ್ಕಿ ಒತ್ತಿದರೆ ಎಲ್ಲಾ ಸದ್ದು ನಿಲ್ಲುತ್ತದೆ, ಅದನ್ನು ಮೊದಲು ಕಲಿಯಿರಿ.

ಇನ್ನೊಂದು ಮಿತಿ ತಡವಾಗಿ ಗೊತ್ತಾಯಿತು. ಪ್ಯೂರ್ ಡೇಟಾ ಧ್ವನಿಯನ್ನು ಸಣ್ಣ ಸಣ್ಣ ಅಳತೆಗಳಾಗಿ (ಸ್ಯಾಂಪಲ್) ಒಡೆದು, 64 ಸ್ಯಾಂಪಲ್‌ಗಳ ಕಂತಿನಲ್ಲಿ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದರೆ ಒಂದು ಕಂತು 1.45 ಮಿಲಿಸೆಕೆಂಡ್. ಸುತ್ತು ಅದಕ್ಕಿಂತ ಚಿಕ್ಕದಾಗಲ್ಲ, ಹಾಗಾಗಿ ತಂತಿ 689 ಹರ್ಟ್ಸ್‌ಗಿಂತ ಮೇಲೆ ಹೋಗಲ್ಲ. ತಂಬೂರಿಗೆ ತೊಂದರೆ ಇಲ್ಲ. ನಾನು ಸುಮ್ನೆ ಇರದೆ ಸಂತೂರ್ ಥರ ಮಾಡಲು ಹೋದಾಗ ಮೇಲಿನ ಸ್ವರಗಳೆಲ್ಲ ಒಂದೇ ಕಡೆ ಅಂಟಿಕೊಂಡವು. ಆ ಭಾಗವನ್ನು ಒಳ ಪ್ಯಾಚಿಗೆ ಹಾಕಿ ಬ್ಲಾಕ್~ 1 ಅಂತ ಬರೆದು ಕಂತನ್ನು ಒಂದೇ ಸ್ಯಾಂಪಲ್‌ಗೆ ಇಳಿಸಿದರೆ ಸರಿಹೋಗುತ್ತದೆ, ಆದರೆ ಪ್ರೊಸೆಸರ್‌ಗೆ ಕೆಲಸ ಜಾಸ್ತಿ.

ಮೈಕ್ ಕಡೆ ಬಂದರೆ, ಸಿಗ್‌ಮಂಡ್~ ಅನ್ನುವ ಡಬ್ಬಿಗಾಗಿಯೇ ಇದನ್ನು ಹಾಕಿಕೊಳ್ಳಬಹುದು. ನೀವು ಹಾಡಿದ ಸ್ವರವನ್ನು ಅಂಕಿಯಲ್ಲಿ ತೋರಿಸುತ್ತದೆ. ಹಾರ್ಮೋನಿಯಂನ ಒಂದೊಂದು ಮನೆಗೆ ಒಂದೊಂದು ಅಂಕಿ, ಒಂದು ಮನೆಯಿಂದ ಪಕ್ಕದ ಮನೆಗೆ ನೂರು ಸೆಂಟ್. ನನ್ನ ಷಡ್ಜ 49. 49.15 ಬಂದರೆ ಹದಿನೈದು ಸೆಂಟ್ ಮೇಲಿದ್ದೇನೆ ಅಂತ ಅರ್ಥ. ಹಾರ್ಮೋನಿಯಂನ ಅಂತರ ಗಾಂಧಾರ ಸರಿಯಾಗಿ 53. ತಂಬೂರಿ ಹಾಕಿಕೊಂಡು ಕಣ್ಣು ಮುಚ್ಚಿ ಹಾಡಿ, ಕಣ್ಣು ಬಿಟ್ಟರೆ 52.86ರ ಹತ್ತಿರ ನಿಂತಿದ್ದೆ. ಮೇಷ್ಟ್ರು ಎಷ್ಟೋ ವರ್ಷದಿಂದ "ಗಾಂಧಾರ ಚೂರು ಇಳಿಸಪ್ಪ, ತಂಬೂರಿ ಕೇಳು" ಅಂತಿದ್ದರು, ಅದು ಇದೇ ಅಂತ ಆವತ್ತು ಗೊತ್ತಾಯಿತು. ಮಂದ್ರದಲ್ಲಿ ಮಾತ್ರ ಈ ಡಬ್ಬಿ ತಡವರಿಸುತ್ತದೆ. ಒಮ್ಮೆಗೆ ನೋಡುವ ಸ್ಯಾಂಪಲ್‌ಗಳನ್ನು 2048ಕ್ಕೆ ಏರಿಸಿದರೆ ಹಿಡಿಯುತ್ತದೆ, ಆದರೆ ಅದು 46 ಮಿಲಿಸೆಕೆಂಡಿನಷ್ಟು ಧ್ವನಿ. ಜೋರು ಗಮಕ ಅಷ್ಟರೊಳಗೆ ಕಲಸಿಹೋಗುತ್ತದೆ.

ಈಗ ನನ್ನ ದೊಡ್ಡ ದೂರು. ಒಂದು ಡಬ್ಬಿಯಿಂದ ಎರಡು ವೈರ್ ಹೊರಟರೆ, ಯಾವುದನ್ನು ಮೊದಲು ಎಳೆದಿದ್ದೀರೋ ಅದಕ್ಕೆ ಮೊದಲು ಸೂಚನೆ ಹೋಗುತ್ತದೆ. ಪರದೆ ಮೇಲೆ ಇದು ಕಾಣುವುದೇ ಇಲ್ಲ! ನೋಡಲು ಒಂದೇ ಥರ ಇರುವ ಎರಡು ಪ್ಯಾಚ್‌ಗಳು ಬೇರೆ ಬೇರೆ ಥರ ಕೆಲಸ ಮಾಡಬಹುದು. ಟ್ರಿಗರ್ ಡಬ್ಬಿ ಹಾಕಿ ಕ್ರಮ ಗಟ್ಟಿ ಮಾಡಿಕೊಳ್ಳಬೇಕು, ಇದು ಅರ್ಥವಾಗುವ ತನಕ ಎರಡು ರಾತ್ರಿ ಹಾಳಾದವು. ಹಾಗೇ ವಾಲ್ಯೂಮ್ ಅಂಕಿಯನ್ನು ನೇರವಾಗಿ ಬದಲಿಸಿದರೆ ಟಕ್ ಟಕ್ ಅನ್ನುತ್ತದೆ, ನಡುವೆ ಲೈನ್~ ಹಾಕಿ ಮೆಲ್ಲಗೆ ಏರಿಸಬೇಕು.

ಇದಕ್ಕೆಲ್ಲ ಸಹಾಯ ಒಳಗೇ ಇದೆ, ಅದು ಚೆನ್ನಾಗಿಯೂ ಇದೆ. ಯಾವುದೇ ಡಬ್ಬಿ ಮೇಲೆ ರೈಟ್ ಕ್ಲಿಕ್ ಮಾಡಿ ಹೆಲ್ಪ್ ಅಂದರೆ ಒಂದು ಜೀವಂತ ಪ್ಯಾಚ್ ತೆರೆದುಕೊಳ್ಳುತ್ತದೆ, ಅದನ್ನೇ ಆಡಿಸಿ ನೋಡಬಹುದು, ಕಾಪಿ ಮಾಡಿ ನಿಮ್ಮದರಲ್ಲಿ ಹಾಕಿಕೊಳ್ಳಬಹುದು.

ವಿಂಡೋಸ್‌ನಲ್ಲಿ ಬಳಸುವವರು ಏಸಿಯೋ ಡ್ರೈವರ್ ಹಾಕಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಧ್ವನಿ ನಿಮಗೇ ತಡವಾಗಿ ಕೇಳಿ ತಾಳ ತಪ್ಪುತ್ತದೆ. ಸೆಟ್ಟಿಂಗ್‌ನಲ್ಲಿ ಡಿಲೇ ಅಂಕಿ ಇಳಿಸುತ್ತಾ ಹೋಗಿ, ಪಟಪಟ ಸದ್ದು ಶುರುವಾದ ಕೂಡಲೇ ಸ್ವಲ್ಪ ಏರಿಸಿ. ಬ್ಲೂಟೂತ್ ಇಯರ್‌ಫೋನ್ ಇದಕ್ಕೆ ಬೇಡವೇ ಬೇಡ.

ಬೇರೆ ಏನಿದೆ ಅಂದರೆ, 2017ರಲ್ಲಿ ಬಂದ ವಿಸಿವಿ ರ‍್ಯಾಕ್ ಇದೆ. ನಿಜವಾದ ಮಾಡ್ಯುಲರ್ ಸಿಂಥ್ (ಬಿಡಿ ಘಟಕಗಳನ್ನು ಕೇಬಲ್‌ನಿಂದ ಜೋಡಿಸುವ ಎಲೆಕ್ಟ್ರಾನಿಕ್ ವಾದ್ಯ) ಥರ ಗುಂಡಿ, ಬಣ್ಣದ ಕೇಬಲ್, ನೋಡಲು ಹಬ್ಬ, ಮೊದಲ ಹತ್ತು ನಿಮಿಷದಲ್ಲೇ ಒಳ್ಳೇ ಸದ್ದು ಬರುತ್ತದೆ. ಸಿಂಥ್ ಸಂಗೀತ ಬೇಕಿದ್ದವರು ಅಲ್ಲಿಗೇ ಹೋಗಿ. ಪ್ಯೂರ್ ಡೇಟಾದ ಮುಖ ಇಷ್ಟವಾಗದಿದ್ದರೆ ಪ್ಲಗ್‌ಡೇಟಾ ಇದೆ, ಒಳಗೆ ಅದೇ ಎಂಜಿನ್, ಹೊರಗೆ ಒಳ್ಳೆ ಬಟ್ಟೆ, ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೂ ಓಡುತ್ತದೆ. ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ. ಯಾವ ಸದ್ದು ಬೇಕು ಅಂತಲೇ ಗೊತ್ತಿಲ್ಲದೆ ಪ್ಯೂರ್ ಡೇಟಾ ಮುಂದೆ ಕೂತರೆ ಬೇಜಾರಾಗುತ್ತದೆ. ಕಿವಿಯಲ್ಲಿ ಒಂದು ಸದ್ದು ಕೂತಿದ್ದು, ಅದು ಎಲ್ಲೂ ಸಿಗುತ್ತಿಲ್ಲ ಅನ್ನುವವರಿಗೆ ಇದು.

ನನಗೆ ಕೂತಿರುವುದು ಜೀವಾರಿ. ನಿಜವಾದ ತಂಬೂರಿಯಲ್ಲಿ ಕುದುರೆ ಮೇಲೆ, ತಂತಿ ಕೆಳಗೆ ಒಂದು ಎಳೆ ಹತ್ತಿ ದಾರ ಸಿಕ್ಕಿಸಿ ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ತಂತಿ ಝೇಂಕರಿಸುತ್ತದಲ್ಲ, ಅದು. ಮೊದಲು ಕ್ಲಿಪ್~ ಹಾಕಿ ನೋಡಿದೆ, ಡಬ್ಬಿಯೊಳಗೆ ಜೇನ್ನೊಣ ಸಿಕ್ಕಿಕೊಂಡ ಹಾಗಾಯಿತು. ಆಮೇಲೆ ಸುತ್ತಿನ ಉದ್ದವನ್ನು ಧ್ವನಿಯ ಏರಿಳಿತಕ್ಕೆ ತಕ್ಕಂತೆ ಚೂರು ಅಲ್ಲಾಡಿಸಿದೆ, ಅರ್ಧ ಬಂದಿದೆ. ಸಾರಣೆ ತಂತಿಗಳು ಪರವಾಗಿಲ್ಲ. ಪಂಚಮ ಮಾತ್ರ ಇನ್ನೂ ನೆಗಡಿ ಆದವರ ಹಾಗೆ ಮೂಗಿನಲ್ಲಿ ಹಾಡುತ್ತಿದೆ, ಈ ಭಾನುವಾರ ಅದಕ್ಕೆ ಕೂರಬೇಕು.