ಸೋಲಾರ್ ದೀಪ: ಬ್ಯಾಂಕ್ ಸಾಲವೋ, ದಿನದ ಕಂತೋ?

ಬಡವರ ಮನೆಗೆ ಸೋಲಾರ್ ಮುಟ್ಟಿಸುವ ಉದ್ಯಮ ಶುರುಮಾಡುವವರ ಮುಂದೆ ಎರಡು ಗಟ್ಟಿ ಮಾದರಿಗಳಿವೆ: 1995ರಲ್ಲಿ ಶುರುವಾದ ಬೆಂಗಳೂರಿನ ಸೆಲ್ಕೋ, ಕೀನ್ಯಾದ ಎಂ-ಕೋಪಾ.

ಎಂ-ಕೋಪಾದ್ದು ಸರಳ. ಮುಂಗಡ ಕೊಟ್ಟು ಕಿಟ್ ಒಯ್ದರಾಯಿತು. ಆರಂಭದ ವರ್ಷಗಳಲ್ಲಿ ದಿನಕ್ಕೆ 50 ಶಿಲ್ಲಿಂಗ್‌ನಂತೆ ಸುಮಾರು ಒಂದು ವರ್ಷ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆಯಲ್ಲಿ ಕಟ್ಟಬೇಕಿತ್ತು. ಕಟ್ಟದಿದ್ದರೆ ಕಿಟ್ ಒಳಗಿನ ಸಿಮ್ ಮೂಲಕ ಕಂಪನಿ ದೂರದಿಂದಲೇ ದೀಪ ಬಂದ್ ಮಾಡುತ್ತಿತ್ತು. ಬ್ಯಾಂಕ್ ಮ್ಯಾನೇಜರರ ಮುಂದೆ ಕೈಕಟ್ಟಿ ನಿಲ್ಲುವ ಗೋಜಿಲ್ಲ. ಆದರೆ ಕಿಟ್ ಸಿದ್ಧ ಉಡುಪಿನ ಹಾಗೆ, ಅಳತೆ ನೋಡಿ ಹೊಲಿದದ್ದಲ್ಲ.

ಸೆಲ್ಕೋ ಹಾದಿ ನಿಧಾನ. ಮನೆ ನೋಡಿ, ಕಸುಬು ಕೇಳಿ ವಿನ್ಯಾಸ ಮಾಡುತ್ತಾರೆ: ಹೊಲಿಗೆ ಮಿಷನ್‌ಗೊಂದು ಲೆಕ್ಕ, ತಳ್ಳುಗಾಡಿಗೊಂದು ಲೆಕ್ಕ. ಸಾಲ ಗ್ರಾಮೀಣ ಬ್ಯಾಂಕು, ಸಹಕಾರಿ ಸಂಘಗಳದ್ದು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ಸಲೀಸು ಎಂಬುದನ್ನು ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ವ್ಯಾಪಾರಿಯಿಂದಲೇ ಕಲಿತರು. ಕಂತು ಗಳಿಕೆಗೆ ಹೊಂದಬೇಕು. ಬ್ಯಾಟರಿ ಕೈಕೊಟ್ಟರೆ ಶಾಖೆಯಿಂದ ಮೆಕ್ಯಾನಿಕ್ ಬರುತ್ತಾರೆ. ಇದು ಖರ್ಚಿನ ಬಾಬತ್ತು, ಬೇಗ ಬೆಳೆಯಲು ಬಿಡುವುದಿಲ್ಲ.

ಮೊಬೈಲ್ ಹಣ ಬೇರೂರಿ, ಬ್ಯಾಂಕ್ ದೂರವಿರುವ ಕಡೆ ಎಂ-ಕೋಪಾ ದಾರಿ ಸರಿ. ಬರೀ ಬೆಳಕಲ್ಲ, ದುಡಿಮೆಯ ಯಂತ್ರವೂ ಓಡಬೇಕು ಎಂದಾದರೆ ನನ್ನ ಮತ ಸೆಲ್ಕೋಗೆ. ಹೂಡಿಕೆದಾರರು ಮೂರೇ ವರ್ಷಕ್ಕೆ ಲಾಭ ಕೇಳುವವರಾದರೆ ಮಾತ್ರ ಸೆಲ್ಕೋ ಹಾದಿಯತ್ತ ತಲೆಹಾಕಬೇಡಿ.